ಡೆಬಿಯನ್ ಪ್ಯಾಕೇಜ್ ಎರಡನೇ ಸಲ ವಾಪಸ್, ಕಾಪಿರೈಟ್ ಫೈಲ್‌ನಲ್ಲಿ ಏನು ತಪ್ಪು?

ಸೇಡಂ_ಹುಡುಗ: ತಲೆ ಕೆಟ್ಟು ಹೋಗಿದೆ. ಕವಿರಾಜಮಾರ್ಗ ಓದುವ ಸಣ್ಣ ಆ್ಯಪ್ ಮಾಡಿ, ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಸೇರಿಸಲು ಕಳಿಸಿದ್ದೇನೆ. ಕೋಡ್ ಪೂರ್ತಿ ನನ್ನದು, ಲೈಸೆನ್ಸ್ ಜಿಪಿಎಲ್ 2 (ಮುಕ್ತ ತಂತ್ರಾಂಶದ ಪರವಾನಗಿ). ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಪ್ಯಾಕೇಜ್ ಪರಿಶೀಲಿಸಿ ಡೆಬಿಯನ್‌ಗೆ ಸೇರಿಸುವ ಸ್ಪಾನ್ಸರ್ ಮಾತ್ರ 'ಕಾಪಿರೈಟ್ ಫೈಲ್ ಪೂರ್ತಿ ಇಲ್ಲ' ಎಂದು ಒಂದೇ ಸಾಲು ಬರೆದು ಕಳಿಸಿದ್ದಾರೆ. ಯಾವ ಫೈಲ್ ಯಾರದ್ದು, ಯಾವ ಲೈಸೆನ್ಸ್ ಎಂದು ಬರೆಯುವ ಫೈಲ್ ಅದು. ಒಂಬತ್ತನೇ ಶತಮಾನದ ಪುಸ್ತಕಕ್ಕೆ ಯಾವ ಕಾಪಿರೈಟ್? ಮಳಖೇಡ ನಮ್ಮ ತಾಲೂಕಿನದೇ. ಅಲ್ಲಿ ಹುಟ್ಟಿದ ಪುಸ್ತಕ ಒಂದೇ ಕಮಾಂಡಿಗೆ ಎಲ್ಲರಿಗೂ ಸಿಗಬೇಕು ಅಂತ ಆಸೆ.

ಬೀದರ್_ಪೆಂಗ್ವಿನ್: ಬರೀ 2 ಇದೆಯೋ, 'ಅಥವಾ ಮುಂದಿನ ಆವೃತ್ತಿ' ಅಂತಲೂ ಇದೆಯೋ? ಅಪಾಚೆ 2.0 ಲೈಸೆನ್ಸಿನ ಲೈಬ್ರರಿ (ಬೇರೆಯವರ ಸಿದ್ಧ ಕೋಡ್) ಸೇರಿದ್ದರೆ ಬರೀ 2ಕ್ಕೆ ಹೊಂದುವುದಿಲ್ಲ, 3ಕ್ಕೆ ಹೊಂದುತ್ತದೆ. ಅದೇ ಇರಬೇಕು.

ಸೇಡಂ_ಹುಡುಗ: ಅಪಾಚೆ ಏನೂ ಇಲ್ಲ ಅಣ್ಣ.

ಬೀದರ್_ಪೆಂಗ್ವಿನ್: ಗೊತ್ತಿಲ್ಲದೆ ಬಂದಿರುತ್ತದೆ, ಇನ್ನೊಮ್ಮೆ ನೋಡಿ.

ಯಾದಗಿರಿ_ಅಕ್ಕ: ತಮ್ಮಾ, ಮೂಲ ಫೋಲ್ಡರ್ ಮೇಲೆ ಲೈಸೆನ್ಸ್‌ಚೆಕ್ (ಫೈಲುಗಳ ಲೈಸೆನ್ಸ್ ಹುಡುಕುವ ಸಾಧನ) ಓಡಿಸಿ, ಬಂದಿದ್ದನ್ನು ಹಾಗೇ ಹಾಕು.

ಸೇಡಂ_ಹುಡುಗ: ಕೋಡೆಲ್ಲ ಜಿಪಿಎಲ್ ಅಂತ ಬಂತು. ಪದ್ಯದ ಫೈಲ್ ಮತ್ತು ಫಾಂಟ್, ಎರಡರ ಮುಂದೆ 'ಅನ್‌ನೋನ್'. ಫಾಂಟಿನ ಲೈಸೆನ್ಸ್ ಓಎಫ್‌ಎಲ್ (ಓಪನ್ ಫಾಂಟ್ ಲೈಸೆನ್ಸ್), ಉಚಿತ ಅಲ್ವಾ? ಅದರಲ್ಲಿ ಹಳಗನ್ನಡದ ೞ ಅಕ್ಷರ ಸರಿ ಕಾಣುತ್ತಿರಲಿಲ್ಲ, ಫಾಂಟ್ ತಿದ್ದುವ ಫಾಂಟ್‌ಫೋರ್ಜ್‌ನಲ್ಲಿ ನಾನೇ ತಿದ್ದಿದೆ.

ಬೀದರ್_ಪೆಂಗ್ವಿನ್: ಉಚಿತ ಅಲ್ಲ, ಮುಕ್ತ. ದುಡ್ಡಿಲ್ಲದೆ ಸಿಗುವುದು ಬೇರೆ, ತಿದ್ದಿ ಹಂಚುವ ಸ್ವಾತಂತ್ರ್ಯ ಬೇರೆ, ಎರಡನ್ನೂ ಒಂದೇ ಮಾಡಬೇಡಿ.

ಹಳಗನ್ನಡ_ಪ್ರಿಯ: ೞಗೆ ಯೂನಿಕೋಡ್ ಕೊಟ್ಟ ಹೆಸರೇ ತಪ್ಪು, 'ಫಾ' ಅಂತ ಇದೆ! ಆಮೇಲೆ ಅಡ್ಡಹೆಸರು ಸೇರಿಸಿ ಸರಿಪಡಿಸಬೇಕಾಯಿತು.

ಯಾದಗಿರಿ_ಅಕ್ಕ: ಫಾಂಟ್ ತಿದ್ದಿದ್ದನ್ನು ಮೊದಲೇ ಹೇಳಬಾರದಿತ್ತಾ! ಓಎಫ್‌ಎಲ್ 1.1ರ ಮೂರನೇ ಷರತ್ತು ಓದು. ಲೈಸೆನ್ಸಿನ ಮೇಲ್ಗಡೆ 'ರಿಸರ್ವ್ಡ್ ಫಾಂಟ್ ನೇಮ್' (ಮೂಲದವರು ಕಾಯ್ದಿರಿಸಿದ ಹೆಸರು) ಅಂತ ಇದ್ದರೆ, ತಿದ್ದಿದ ಫಾಂಟಿಗೆ ಆ ಹೆಸರು ಇಡುವಂತಿಲ್ಲ. ಫೈಲಿನ ಹೆಸರು ಬದಲಿಸಿದರೆ ಸಾಲದು, ಫಾಂಟಿನ ವಿವರ ಇರುವ ಫಾಂಟ್ ಇನ್ಫೋ ಒಳಗೂ ಬದಲಿಸು. ಲೈಸೆನ್ಸ್ ಮಾತ್ರ ಓಎಫ್‌ಎಲ್ ಆಗಿಯೇ ಇರಬೇಕು. ಕಾಪಿರೈಟ್ ಫೈಲ್‌ನಲ್ಲಿ ಫಾಂಟಿಗೆ ಬೇರೆ 'ಫೈಲ್ಸ್' ಪ್ಯಾರಾ ಬರೆದು, ಮೂಲದವರ ಹೆಸರು, ನಿನ್ನ ಹೆಸರು ಎರಡೂ ಹಾಕು. ಇನ್ನು ಪದ್ಯ ಯಾವ ಪುಸ್ತಕದಿಂದ ತೆಗೆದೆ? ಪದ್ಯ ಎಲ್ಲರದ್ದು, ಟಿಪ್ಪಣಿ ಸಂಪಾದಕರದ್ದು. ನಮ್ಮಲ್ಲಿ ಬರೆದವರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಇರುತ್ತದೆ.

ಸೇಡಂ_ಹುಡುಗ: ಟಿಪ್ಪಣಿ ಸಮೇತ ಟೈಪ್ ಮಾಡಿದ್ದೆ ಅಕ್ಕ. ಪುಸ್ತಕದ ಮೊದಲ ಹಾಳೆ ಹರಿದಿದೆ, ಸಂಪಾದಕರು ಯಾರೆಂದು ಗೊತ್ತಾಗುತ್ತಿಲ್ಲ. ಟಿಪ್ಪಣಿ ಪೂರ್ತಿ ತೆಗೆದೆ. ಫಾಂಟಿಗೆ ಮಳಖೇಡದ ಹೊಳೆಯ ಹೆಸರು, ಕಾಗಿಣಾ. ಇವತ್ತು ರಾತ್ರಿ ಮತ್ತೆ ಕಳಿಸುತ್ತೇನೆ.