ಲಿಫ್ಟಿನ ‘ಲಾಕ್’: ಬೀಗವೋ ಅಗುಳಿಯೋ? ಕಾರನ್ನು ಅದರ ಮೇಲೆ ಇಳಿಸುವುದೋ, ಕೂರಿಸುವುದೋ, ಆನಿಸುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ನಾನು ಬರೆದದ್ದನ್ನು ಓದಿಕೊಂಡು ಕಾರಿನ ಅಡಿಗೆ ಹೋಗುವವರು ನಮ್ಮಪ್ಪ. ಅದಕ್ಕೇ ನಿಘಂಟು ತಿರುವಿ ಸಿಕ್ಕ ಪದವನ್ನು ಅಂಟಿಸಿಬಿಡಲು ಮನಸ್ಸು ಒಪ್ಪುತ್ತಿಲ್ಲ.

ಅಪ್ಪ ತಿಪಟೂರಿನಲ್ಲಿ ಬಹಳ ವರ್ಷ ಲಾರಿ ರಿಪೇರಿ ಮಾಡಿಕೊಂಡಿದ್ದವರು. ಈಗ ವರ್ಷಕ್ಕೊಮ್ಮೆ ಟೆಕ್ಸಾಸಿನ ನಮ್ಮ ಮನೆಗೆ ಬಂದು ನಾಲ್ಕೈದು ತಿಂಗಳು ಇರುತ್ತಾರೆ. ಸುಮ್ಮನೆ ಕೂರುವ ಜೀವವಲ್ಲ. ಆಯಿಲ್ ಬದಲಿಸುವುದು, ಬುಷ್ ನೋಡುವುದು, ಎಲ್ಲ ಅವರೇ ಮಾಡಬೇಕು. ಆದರೆ ನೆಲದ ಮೇಲೆ ಮಲಗಿ ಎದ್ದೇಳಲು ಈಗ ಮಂಡಿ ಕೇಳುವುದಿಲ್ಲ. ಹಾಗಾಗಿ ಗ್ಯಾರೇಜಿಗೆ ಕಾರನ್ನು ಮೇಲೆತ್ತುವ ಲಿಫ್ಟೊಂದನ್ನು ತರಿಸುತ್ತಿದ್ದೇನೆ. ಅದರ ಮೇಲಿನ ಎಚ್ಚರಿಕೆಗಳೆಲ್ಲ ಇಂಗ್ಲಿಷಿನಲ್ಲಿವೆ, ಅಪ್ಪ ಓದುವುದು ಕನ್ನಡ ಮಾತ್ರ. ಕಂಬಕ್ಕೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ.

ಯಾವ ಲಿಫ್ಟ್ ಎಂಬುದನ್ನು ನೆಲವೇ ತೀರ್ಮಾನಿಸಿತು. ಎರಡು ಕಂಬದ್ದು (ಜೋಡಿಗಂಬ ಅನ್ನಬಹುದೇ?) ನಿಲ್ಲುವುದು ಪೂರ್ತಿ ನೆಲಕ್ಕೆ ಬಿಗಿದ ಆಂಕರ್ ಬೋಲ್ಟುಗಳ ಬಲದ ಮೇಲೆ. ನಮ್ಮ ಗ್ಯಾರೇಜಿನ ಕಾಂಕ್ರೀಟಿನಲ್ಲಿ ಮಾತ್ರ ‘ಕೊರೆಯಬೇಡಿ, ಕತ್ತರಿಸಬೇಡಿ’ ಎಂದು ಮುದ್ರೆ ಒತ್ತಿದ್ದಾರೆ. ಒಳಗೆ ಉಕ್ಕಿನ ಕೇಬಲ್ಲುಗಳನ್ನು ಎಳೆದು ಬಿಗಿದಿರುವ ನೆಲ ಅದು. ಇಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಹಾಗೆ ಕಟ್ಟುತ್ತಾರೆ. ಡ್ರಿಲ್ ಬಿಟ್ಟು ಕೇಬಲ್ ಕಡಿದರೆ ಮನೆಗೂ ಕೇಡು, ಕೊರೆಯುವವನಿಗೂ ಅಪಾಯ. ಆದ್ದರಿಂದ ತನ್ನಷ್ಟಕ್ಕೆ ನಿಲ್ಲುವ ನಾಲ್ಕು ಕಂಬದ್ದೇ ಸರಿ ಎಂದುಕೊಂಡೆ. ಕಾರು ತನ್ನ ಗಾಲಿಗಳ ಮೇಲೇ ನಿಂತು ಮೇಲೇರುತ್ತದೆ. ಮಾಳಿಗೆಯ ಎತ್ತರ 10 ಅಡಿ, ಅಂದರೆ ಸುಮಾರು 3 ಮೀಟರ್. ಕಾರಿನ ಎತ್ತರ 1.45 ಮೀಟರ್. ಒಂದರ ಮೇಲೊಂದು ಎರಡು ಕಾರು ನಿಲ್ಲಿಸುವ ಆಸೆಗೆ ಅಲ್ಲಿ ಜಾಗವಿಲ್ಲ, ಆದರೆ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುವಷ್ಟು ಎತ್ತರ ಧಾರಾಳವಾಗಿ ಸಿಗುತ್ತದೆ.

ಕೊಳ್ಳುವಾಗಲೇ ಒಂದು ಭಾಷೆಯ ತೊಡಕು ಎದುರಾಯಿತು. ಅಮೆರಿಕದಲ್ಲಿ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಿದೆ. ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ ಗೆದ್ದ ಮಾದರಿಗೆ ಅದರ ಚಿನ್ನದ ಬಣ್ಣದ ಲೇಬಲ್ ಬರುತ್ತದೆ. ಕೆಲವರು ಲೇಬಲ್ ಇಲ್ಲದ ಲಿಫ್ಟನ್ನೂ ‘ಆ ಮಾನದಂಡಕ್ಕೆ ತಕ್ಕಂತೆ ಮಾಡಿದ್ದು’ ಎಂದು ಮಾರುತ್ತಾರೆ. ಒಂದು ಬೇರೆಯವರು ಪರೀಕ್ಷಿಸಿ ಒಪ್ಪಿದ್ದು, ಇನ್ನೊಂದು ಮಾಡಿದವರೇ ಹೇಳಿಕೊಂಡದ್ದು. ಕನ್ನಡದಲ್ಲಿ ಎರಡಕ್ಕೂ ‘ಪ್ರಮಾಣಿತ’ ಎಂದು ಬರೆದುಬಿಟ್ಟರೆ ಈ ಅಂತರ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ಪರೀಕ್ಷೆಯಾಗಿ ಮುದ್ರೆ ಬಿದ್ದದ್ದು’ ಎಂದು ಬಿಡಿಸಿ ಬರೆಯುವುದೇ ಮೇಲು ಅನ್ನಿಸುತ್ತದೆ.

ಈಗ ಮುಖ್ಯ ಪ್ರಶ್ನೆ. ಲಿಫ್ಟನ್ನು ಮೇಲೆತ್ತುವುದು ಹೈಡ್ರಾಲಿಕ್ ಸಿಲಿಂಡರು ಮತ್ತು ಉಕ್ಕಿನ ಹಗ್ಗಗಳು. ಆದರೆ ಅಡಿಯಲ್ಲಿ ಮನುಷ್ಯ ಇರುವಾಗ ಭಾರ ಅವುಗಳ ಮೇಲೆ ಇರಕೂಡದು. ಕಾರು ಏರುತ್ತಿದ್ದಂತೆ ಪ್ರತಿ ಕಂಬದಲ್ಲೂ ಒಂದು ಉಕ್ಕಿನ ನಾಲಿಗೆ ಟಕ್ ಟಕ್ ಎಂದು ಹಂತ ಹಂತ ದಾಟುತ್ತದೆ. ಬೇಕಾದ ಎತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ, ಮತ್ತೆ ಕೆಳಗೆ ಬಿಟ್ಟು, ನಾಲ್ಕೂ ಮೂಲೆ ಆ ನಾಲಿಗೆಗಳ ಮೇಲೆ ನಿಂತಿವೆಯೇ ಎಂದು ಕಣ್ಣಾರೆ ನೋಡಬೇಕು. ಒಂದು ಮೂಲೆ ತಪ್ಪಿದರೂ ಆ ಕಡೆಯ ಭಾರ ಹಗ್ಗದ ಮೇಲೇ ಉಳಿಯುತ್ತದೆ.

ಈ ನಾಲಿಗೆಗೆ ಇಂಗ್ಲಿಷಿನಲ್ಲಿ ಹೇಳುವುದು ‘ಲಾಕ್’. ‘ಲಾಕ್ ಮಾಡಿದ ಮೇಲೆಯೇ ಅಡಿಗೆ ಹೋಗಿ’ ಎಂದು ಬರೆದೆ. ಅಪ್ಪ ಓದಿ, ‘ಬೀಗದ ಕೈ ಎಲ್ಲಿಡ್ತೀಯಪ್ಪಾ?’ ಅಂದರು. ಅವರ ಪ್ರಶ್ನೆ ಸರಿಯೇ. ನಮಗೆ ಲಾಕ್ ಎಂದರೆ ಬೀಗ. ವರ್ಕ್‌ಶಾಪಿನ ಮಾತಿನಲ್ಲಾದರೋ ಲಾಕ್ ಆಗುವುದೆಂದರೆ ಸಿಕ್ಕಿಕೊಳ್ಳುವುದು, ‘ಸ್ಟೇರಿಂಗ್ ಲಾಕ್ ಆಗಿದೆ’ ಎನ್ನುವ ಹಾಗೆ. ಎರಡರಲ್ಲೂ ಭಾರ ಹೊರುವ ಅರ್ಥವಿಲ್ಲ.

ನನಗೆ ಹೊಳೆದದ್ದು ಅಗುಳಿ. ನಮ್ಮ ಹಳ್ಳಿಮನೆಯ ಹೆಬ್ಬಾಗಿಲಿಗೆ ಗೋಡೆಯೊಳಗಿಂದ ಎಳೆಯುವ ಮರದ ಅಗುಳಿ ಇತ್ತು. ಬೀಗವು ಕೀಲಿಕೈ ಇದ್ದವನನ್ನು ಬಿಟ್ಟು ಉಳಿದವರನ್ನು ತಡೆಯುತ್ತದೆ. ಅಗುಳಿ ಹೊರಗಿನಿಂದ ನೂಕಿದ ಬಲವನ್ನು ತಾನೇ ತಾಳಿಕೊಳ್ಳುತ್ತದೆ. ಲಿಫ್ಟಿನ ನಾಲಿಗೆಯ ಕೆಲಸವೂ ಅದೇ. ನಾಮಪದಕ್ಕೆ ಇದು ಒಪ್ಪುತ್ತದೆ ಅನ್ನಿಸುತ್ತದೆ. ಅಗುಳಿಯನ್ನು ಕಂಡೇ ಇರದ ಊರುಗಳವರು ಏನನ್ನುತ್ತೀರಿ?

ಕ್ರಿಯಾಪದ ಇನ್ನೂ ಕಷ್ಟ. ‘ಅಗುಳಿಯ ಮೇಲೆ ಇಳಿಸಿ’ ಎಂದರೆ, ಇಳಿಸು ಎಂಬ ಮಾತಿಗೆ ಕಾರು ನೆಲಕ್ಕೆ ಬಂದಂತೆ ಕಣ್ಣಿಗೆ ಕಟ್ಟುತ್ತದೆ. ‘ಕೂರಿಸಿ’ ನನಗೆ ಪ್ರಿಯವಾದದ್ದು. ಗಣಪತಿ ಕೂರಿಸುತ್ತೇವೆ, ಗೋಡೆಯಲ್ಲಿ ಕಲ್ಲು ಕೂರಿಸುತ್ತೇವೆ. ಅಲ್ಲಾಡದೆ ನೆಲೆಯಾಗುವ ಭಾವ ಅದರಲ್ಲಿದೆ. ಆದರೆ ಅಪ್ಪನ ಕಿವಿಗೆ ಅದು ಬೇರೆಯೇ. ಲಾರಿಯ ಸ್ಪ್ರಿಂಗ್ ಪಟ್ಟಿ ದಣಿದು ಬಗ್ಗಿದರೆ ‘ಪಟ್ಟಿ ಕೂತಿದೆ’ ಅನ್ನುತ್ತಾರೆ. ಅಡಿಪಾಯ ಕುಸಿದರೂ ‘ಗೋಡೆ ಕೂತಿದೆ’. ಕಾರು ಕೂತಿದೆ ಎಂದು ಓದಿದರೆ ಅವರು ಗಾಬರಿಯಾಗಿ ಈಚೆ ಬರಬಹುದು.

ಉಳಿದದ್ದು ‘ಆನಿಸು’. ಗೋಡೆಗೆ ಆನಿಕೊಂಡು ಕೂತ ಎಂದು ಇಂದಿಗೂ ಆಡುತ್ತೇವೆ. ಹಳಗನ್ನಡದಲ್ಲಿ ಈ ಧಾತುವಿಗೆ ಹೊರು, ತಾಳು, ಎದುರಿಸು ಎಂಬ ಅರ್ಥಗಳಿವೆ. ‘ಇದಿರಾಂತ’ ಎನ್ನುವಲ್ಲಿರುವುದು ಇದೇ. ಭಾರವನ್ನು ಒಂದರಿಂದ ಇನ್ನೊಂದಕ್ಕೆ ವಹಿಸಿಕೊಡುವ ಅರ್ಥಕ್ಕೆ ಇಷ್ಟು ಹತ್ತಿರದ ಮಾತು ಬೇರೆ ಕಾಣಲಿಲ್ಲ. ಒಂದೇ ಅನುಮಾನ: ಇವತ್ತಿನ ‘ಆನಿಸು’ ಪಕ್ಕಕ್ಕೆ ಒರಗಿಸುವುದಕ್ಕೆ ಸೀಮಿತವಾಗಿಬಿಟ್ಟಿದೆಯೇ? ಮೇಲಿಂದ ಕೆಳಕ್ಕೆ ಬೀಳುವ ಭಾರಕ್ಕೆ ನಿಮ್ಮ ಕಡೆ ಯಾರಾದರೂ ಆಡುತ್ತಾರೆಯೇ?

ಅಪ್ಪನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತಿದು: ‘ಜಾಕ್ ಇರೋದು ಎತ್ತೋಕೆ, ಹೊರೋಕೆ ದಿಮ್ಮಿ.’ ಸೀಲ್ ಸೋರಿದ ಜಾಕು ನಿಧಾನವಾಗಿ ಇಳಿದುಬಿಡುತ್ತದೆ, ದಿಮ್ಮಿ ಇಳಿಯುವುದಿಲ್ಲ. ಎತ್ತುವುದು ಬೇರೆ, ಹೊರುವುದು ಬೇರೆ ಎಂಬ ಈ ತಿಳಿವು ನಮ್ಮ ಕ್ರಿಯಾಪದಗಳಲ್ಲೇ ಇರುವಾಗ, ಅದನ್ನು ‘ಲಾಕ್’ ಎಂಬ ಒಂದು ಪದದ ಹಿಂದೆ ಮರೆಮಾಡಲು ನನಗೆ ಇಷ್ಟವಿಲ್ಲ.

ಸದ್ಯಕ್ಕೆ ಹಾಳೆಯ ಮೇಲೆ ಬರೆದಿರುವುದು ಇಷ್ಟು:

‘ಕಾರಿನ ಭಾರ ಅಗುಳಿಗೆ ಆನಿಸಿ. ನಾಲ್ಕೂ ಕಂಬದ ಅಗುಳಿ ನೋಡಿ. ಹಗ್ಗ ಎತ್ತುತ್ತದೆ, ಅಗುಳಿ ಹೊರುತ್ತದೆ. ಆಮೇಲೆ ಅಡಿಗೆ ಹೋಗಿ.’

ತಿದ್ದಿಕೊಡಿ. ಲಾರಿ ವರ್ಕ್‌ಶಾಪು, ಗಾಣ, ಗಾಡಿ ಕೆಲಸ ಬಲ್ಲ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನೇ ಕೇಳಿ. ಬಿಚ್ಚಿದ ಎತ್ತಿನ ಗಾಡಿಯ ಮೂಕಿಗೆ ಕವೆಗೋಲು ಕೊಡುವುದಕ್ಕೆ, ತೇರಿನ ಗಾಲಿಗೆ ಮರದ ತುಂಡು ಕೊಡುವುದಕ್ಕೆ ನಿಮ್ಮೂರಿನಲ್ಲಿ ಏನನ್ನುತ್ತಾರೆ ಎಂಬುದೂ ನನಗೆ ಬೇಕು. ಅಪ್ಪ ಬರುವುದು ದಸರಾ ಕಳೆದ ಮೇಲೆ. ಅಷ್ಟರೊಳಗೆ ಹಾಳೆ ಕಂಬದ ಮೇಲಿರಬೇಕು.