ಸಹಾಯ ಬೇಕು: ದಿನದ ಸಣ್ಣ ಖುಷಿಗಳು ಮನಸ್ಸಿಗೆ ತಟ್ಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೆಲಸ, ಮನೆ, ಆರೋಗ್ಯ ಎಲ್ಲವೂ ಸರಿಯಾಗೇ ಇದೆ. ಆದರೂ ಕೆಲವು ತಿಂಗಳಿಂದ ಯಾವುದರಲ್ಲೂ ಖುಷಿ ಸಿಗುತ್ತಿಲ್ಲ. 2003ರಲ್ಲಿ ಮನೋವಿಜ್ಞಾನಿಗಳಾದ ಎಮ್ಮನ್ಸ್ ಮತ್ತು ಮೆಕಲ್ಲೊ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆ ಮೂಡಿಸಿದ ಸಂಗತಿಗಳನ್ನು ವಾರಕ್ಕೊಮ್ಮೆ ಬರೆದಿಟ್ಟವರಿಗೆ ಬದುಕಿನ ಬಗ್ಗೆ ಹೆಚ್ಚು ಸಮಾಧಾನವಿತ್ತು ಎಂದು ಓದಿ ನಾನೂ ಶುರುಮಾಡಿದೆ. ದಿನಾ ಬರೆದೆ. ಹತ್ತನೇ ದಿನಕ್ಕೆ ಮತ್ತೆ ಅವೇ ಮೂರು ಸಾಲು.

ಮೊನ್ನೆ ಮಾತ್ರ ಮಗಳು ಗೋಡೆ ಮೇಲೆ ಬಿದ್ದ ಬಿಸಿಲಿನ ಚೌಕ ತೋರಿಸಿ, ‘ಅಪ್ಪಾ, ಅದು ನಡೀತಾ ಇದೆ ನೋಡು’ ಅಂದಳು. ಇಬ್ಬರೂ ಸುಮ್ಮನೆ ನೋಡುತ್ತಾ ಕೂತೆವು. ಆ ಹತ್ತು ನಿಮಿಷ ಇನ್ನೂ ಮನಸ್ಸಿನಲ್ಲೇ ಇದೆ (ಫೋನ್ ಬೇರೆ ಕೋಣೆಯಲ್ಲಿತ್ತು, ಅದೂ ಕಾರಣವಿರಬಹುದು).

ಇಂಥ ಗಳಿಗೆಗಳನ್ನು ಗಮನಿಸುವ ಅಭ್ಯಾಸ ನೀವು ಹೇಗೆ ಬೆಳೆಸಿಕೊಂಡಿರಿ? ವಾರಕ್ಕೊಮ್ಮೆ ಬರೆಯುವುದನ್ನು ವರ್ಷಗಟ್ಟಲೆ ಉಳಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿ.