ಸಹಾಯ ಬೇಕು: ಕಂಬಳಿ ಚೀಪುವ ಬೆಕ್ಕಿನ ಮರಿ

ನಮ್ಮ ಬೆಕ್ಕಿನ ಮರಿ ರಾತ್ರಿಯಾದರೆ ಕಂಬಳಿಯ ಅಂಚನ್ನು ಬಾಯಿಗಿಟ್ಟುಕೊಂಡು ಚೀಪುತ್ತದೆ. ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಒತ್ತುತ್ತಾ, ಗುರುಗುರು ಸದ್ದು ಮಾಡುತ್ತಾ, ಅರೆಗಣ್ಣಿನಲ್ಲೇ ನಿದ್ದೆ ಹೋಗುತ್ತದೆ. ಅಂಚೆಲ್ಲ ಒದ್ದೆ. ತಾಯಿಯಿಲ್ಲದೆ ಬೀದಿಯಲ್ಲಿ ಸಿಕ್ಕ ಮರಿ ಇದು. ಆಗ ಇನ್ನೂ ಹಾಲು ಬಿಟ್ಟಿರಲಿಲ್ಲ. ಬೇಗನೆ ತಾಯಿಯಿಂದ ದೂರವಾದ ಮರಿಗಳಲ್ಲಿ ಈ ಅಭ್ಯಾಸ ಹೆಚ್ಚು ಕಾಣುತ್ತದೆ. ತಾಯಿಯ ಮೊಲೆ ಒತ್ತಿ ಹಾಲು ಇಳಿಸಿಕೊಳ್ಳುವ ಹುಟ್ಟುಗುಣವೇ ಅದಕ್ಕೀಗ ಸಮಾಧಾನ. ಪಾಪ, ಗದರಿಸಿ ಬಿಡಿಸಲು ನನಗಂತೂ ಮನಸ್ಸಿಲ್ಲ.

ನನ್ನ ಭಯ ಬೇರೆ. ಈಚೆಗೆ ಕಂಬಳಿಯ ಎಳೆಗಳನ್ನು ಕಿತ್ತು ಜಗಿಯತೊಡಗಿದೆ. ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಇಂಥ ಮರಿ ಸಾಕಿದವರು ಎಳೆ ಬಿಡದ ಯಾವ ಬಟ್ಟೆ ಕೊಟ್ಟಿರಿ? ಮಲಗುವ ಮುನ್ನ ಚೆನ್ನಾಗಿ ಆಡಿಸಿ, ಊಟ ಹಾಕಿದರೆ ಜಗಿಯುವುದು ಕಡಿಮೆಯಾಗುತ್ತದೆಯೇ? ದಯವಿಟ್ಟು ತಿಳಿಸಿ.